ಹೆಸರು ಕೇಳದವರ ಸಭೆ

‘ಕುಡುಕ’ ಎಂಬುದು ನಮ್ಮ ನುಡಿಯಲ್ಲಿ ರೋಗದ ಹೆಸರಲ್ಲ, ಬೈಗುಳ. ಬೀದಿಯಲ್ಲಿ ಇತರರು ಕಲ್ಲಿನಂತೆ ಬೀರುವ ಈ ಮಾತನ್ನು ಮನುಷ್ಯನೊಬ್ಬ ನಾಲ್ಕು ಜನರ ನಡುವೆ ಎದ್ದುನಿಂತು, ತನ್ನನ್ನು ಕುರಿತು ತಾನೇ, ಅಳುಕಿಲ್ಲದೆ ಆಡುವ ಸ್ಥಳವೊಂದುಂಟು. ಅದನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂದು ಅದರ ಹೆಸರು, ರೂಢಿಯಲ್ಲಿ ಎ.ಎ. ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟವೆಂದು ಅರ್ಥ. ಅದು ಹುಟ್ಟಿದ್ದೇ ಒಂದು ಹುಡುಕಾಟದಿಂದ. 1935ರ ಮೇ ತಿಂಗಳು. ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಒಂಟಿಯಾಗಿ ನಿಂತಿದ್ದ. ಬಂದ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಒಂದು ಕಡೆ ಮದ್ಯದ ಕೋಣೆ, ಇನ್ನೊಂದು ಕಡೆ ಟೆಲಿಫೋನು. ಅವನು ಟೆಲಿಫೋನಿನ ಕಡೆಗೆ ನಡೆದು, ಪಾದ್ರಿಗಳನ್ನು ವಿಚಾರಿಸುತ್ತ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನೊಡನೆ ಮಾತನಾಡಬೇಕಾಗಿದೆ ಎಂದ. ಗಮನಿಸಿ, ಅವನು ಬಯಸಿದ್ದು ಉಪದೇಶಕನನ್ನಲ್ಲ. ಹಾಗೆ ದೊರೆತವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕಾಲು ಗಂಟೆಯಲ್ಲಿ ಎದ್ದುಹೋಗುವೆನೆಂದು ಬಂದ ಆ ವೈದ್ಯರು ರಾತ್ರಿ ಬಹು ಹೊತ್ತು ಕುಳಿತರು. ಅವರು ಕಡೆಯ ಬಾರಿ ಕುಡಿದ ಜೂನ್ 10ನ್ನೇ ಕೂಟದ ಜನ್ಮದಿನವೆಂದು ಎಣಿಸುತ್ತಾರೆ.

ನಮ್ಮ ಊರಿಗೆ ಬರೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತಾನೂ ಉಪಾಧ್ಯಾಯನೇ, ಒಂದು ಬೆಳಿಗ್ಗೆ ನನ್ನಲ್ಲಿಗೆ ಬಂದಾಗ ಕಾಫಿಯ ಲೋಟ ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. (ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.) ‘ಇವತ್ತಿನಿಂದಲೇ ನಿಲ್ಲಿಸಿಬಿಡ್ತೀನಿ ಮೇಷ್ಟ್ರೇ’ ಎಂದ. ಇಲ್ಲಿ ಒಂದು ಎಚ್ಚರ ಹೇಳಬೇಕು. ಬಹುಕಾಲ ದಿನವೂ ಹೆಚ್ಚಾಗಿ ಕುಡಿದವನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಸಭೆ. ಅವನ ವಿಷಯದಲ್ಲಿಯೂ ಹಾಗೆಯೇ ನಡೆಯಿತು.

ಸಭೆ ಎಲ್ಲಿ ಸೇರುತ್ತದೆಂಬುದನ್ನು ಆಸ್ಪತ್ರೆಯವರೇ ಹೇಳಿ, ಒಂದು ದೂರವಾಣಿ ಸಂಖ್ಯೆ ಕೊಟ್ಟರು. ಮಾತನಾಡಿದವರು ಜಾತಿ ಕೇಳಲಿಲ್ಲ, ಉದ್ಯೋಗ ಕೇಳಲಿಲ್ಲ, ಪೂರ್ಣ ಹೆಸರನ್ನೂ ಕೇಳಲಿಲ್ಲ. ಮನೆಯಿಂದ ಬಸ್ಸು ಉಂಟೇ ಎಂದಷ್ಟೇ ವಿಚಾರಿಸಿದರು. ವ್ಯಸನಿಗಳಿಗಷ್ಟೇ ಮೀಸಲಾದ ಸಭೆಗಳೂ ಇವೆ, ಯಾರು ಬೇಕಾದರೂ ಕೂರಬಹುದಾದ ಮುಕ್ತ ಸಭೆಗಳೂ ಇವೆ. ‘ಒಬ್ಬನೇ ಹೋಗಲಾರೆ, ನೀವೂ ಬನ್ನಿ’ ಎಂದು ಅವನು ಅಂದದ್ದರಿಂದ ಮುಕ್ತ ಸಭೆಯ ದಿನವನ್ನೇ ಆರಿಸಿಕೊಂಡೆವು.

ಚರ್ಚಿನ ಹಿಂದಿನ ಶಾಲೆಯ ಕೊಠಡಿ. ಮಕ್ಕಳ ಬೆಂಚುಗಳ ಮೇಲೆ ಹನ್ನೆರಡು ಹದಿಮೂರು ಜನ ಮೊಣಕಾಲು ಮಡಿಸಿಕೊಂಡು ಕುಳಿತಿದ್ದರು. ಪ್ರವೇಶಧನವಿಲ್ಲ, ಚಂದಾ ಇಲ್ಲ. ಇಷ್ಟವಿದ್ದವರು ಕೊನೆಗೆ ಚೀಲದಲ್ಲಿ ಏನಾದರೂ ಹಾಕುತ್ತಾರೆ. ಸದಸ್ಯನಾಗಲು ಕುಡಿತ ಬಿಡಬೇಕೆಂಬ ಬಯಕೆಯೊಂದಿದ್ದರೆ ಸಾಕು. ಬಿಟ್ಟಿರಲೇಬೇಕೆಂದಲ್ಲ, ಬಯಕೆ.

ಅಲ್ಲಿ ಯಾರು ಏನೆಂದರು ಎಂಬುದನ್ನು ನಾನು ಹೇಳುವಂತಿಲ್ಲ. 1950ರಲ್ಲಿ ಅವರು ಅಂಗೀಕರಿಸಿದ ಹನ್ನೆರಡು ಸಂಪ್ರದಾಯಗಳಲ್ಲಿ ಒಂದು, ಪತ್ರಿಕೆ, ರೇಡಿಯೋ, ಚಲನಚಿತ್ರಗಳ ಮುಂದೆ ಸದಸ್ಯರ ಗುರುತು ಹೊರಬೀಳಬಾರದೆಂದು ವಿಧಿಸುತ್ತದೆ. ರೇಡಿಯೋವನ್ನು ಹೆಸರಿಟ್ಟೇ ಹೇಳಿದ್ದಾರೆ! ಆದ್ದರಿಂದ ಮಾತಿನ ರೀತಿಯನ್ನು ಮಾತ್ರ ಹೇಳುತ್ತೇನೆ. ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ. ಪ್ರಶ್ನೆಯಿಲ್ಲ, ಬುದ್ಧಿವಾದವಿಲ್ಲ. ಎಲ್ಲ ವಾಕ್ಯಗಳ ಕರ್ತೃಪದವೂ ‘ನಾನು’; ‘ನೀನು ಹೀಗೆ ಮಾಡು’ ಎಂಬ ಮಾತು ಒಂದು ಗಂಟೆಯಲ್ಲಿ ಒಮ್ಮೆಯೂ ಕೇಳಿಬರಲಿಲ್ಲ. ನಮ್ಮ ವ್ಯಾಕರಣ ‘ನಾನು’ ಎಂಬುದನ್ನು ಉತ್ತಮ ಪುರುಷವೆನ್ನುತ್ತದೆ. ತರಗತಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟ ಆ ಪದದ ಬೆಲೆ ಆ ಸಂಜೆ ನನಗೆ ಬೇರೆಯಾಗಿ ಕಂಡಿತು. ಪಾನನಿಷೇಧದ ವೇದಿಕೆಗಳಲ್ಲಿ ನಾನು ಕೇಳಿರುವ ಭಾಷಣಗಳೆಲ್ಲ ಮಧ್ಯಮ ಪುರುಷದವು.

ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಅವರವರು ಅರಿತಂತೆ ದೇವರು ಎಂಬ ವಿನಾಯಿತಿಯೂ ಇದೆ. ನನ್ನ ಶಿಷ್ಯ ನಾಸ್ತಿಕ. ಸಭೆ ಮುಗಿದು ಹೊರಗೆ ಟೀ ಕುಡಿಯುವಾಗ ತಕರಾರು ತೆಗೆದ. ಹಿರಿಯರೊಬ್ಬರು, ‘ದೇವರ ವಿಷಯ ಆಮೇಲೆ ನೋಡೋಣಪ್ಪ, ಇವತ್ತು ರಾತ್ರಿ ಕುಡೀದೆ ಮಲಕ್ಕೊ’ ಎಂದು ಲೋಟ ತೊಳೆಯಲು ಹೋದರು.

ಇದು ಎಲ್ಲರಿಗೂ ಒಗ್ಗುವ ಮದ್ದೆಂದು ನಾನು ಹೇಳಲಾರೆ. ನನ್ನ ಶಿಷ್ಯ ಮೂರನೆಯ ತಿಂಗಳಲ್ಲಿ ಮತ್ತೆ ಕುಡಿದ. ಎರಡು ವಾರ ತಲೆತಪ್ಪಿಸಿಕೊಂಡಿದ್ದು ಹೋದಾಗ, ಬೆಂಚಿನಲ್ಲಿ ಸರಿದು ಜಾಗ ಕೊಟ್ಟರಂತೆ, ಅಷ್ಟೇ. ನೆರವನ್ನು ಎಲ್ಲಿ ವಿಚಾರಿಸಬೇಕೆಂದು ತಿಳಿಯದವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಹಳ್ಳಿಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿಸಿದವರು ಕೂಡುವ ನವಜೀವನ ಸಮಿತಿಗಳೂ ಉಂಟು.

ಮನೆಯವರ ಪಾಡೇನು? ಬಿಲ್ಲನ ಪತ್ನಿ ಲೋಯಿಸ್ 1951ರಲ್ಲಿ ವ್ಯಸನಿಗಳ ಮನೆಯವರಿಗಾಗಿ ‘ಆಲ್-ಅನಾನ್’ ಕೂಟವನ್ನು ಕಟ್ಟಿದಳು. ಶಿಷ್ಯನ ಹೆಂಡತಿ ಈಗ ಅಂಥದೊಂದು ಸಭೆಗೆ ಹೋಗುತ್ತಿದ್ದಾಳೆ. ಅಲ್ಲಿ ಏನು ಮಾತಾಡುತ್ತೀಯಮ್ಮ ಎಂದು ಮೊನ್ನೆ ಕೇಳಿದೆ. ‘ಅದನ್ನ ಹೇಳೋ ಹಾಗಿಲ್ಲ ಮೇಷ್ಟ್ರೇ’ ಎಂದು ನಕ್ಕು ಒಳಗೆ ಹೋದಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.