ಸರಕಾರಿ ವಕೀಲರು ಮತ್ತು ನಮ್ಮ ಸಾಕ್ಷಿ



ಬೀಜ-ಗೊಬ್ಬರದ ಮಾತು ಬಿಟ್ಟು ಇಂದು ಕೋರ್ಟಿನ ಮಾತು ಹೇಳುತ್ತೇನೆ. ಎತ್ತು ಕಳುವಾದರೆ, ಬಣವೆಗೆ ಯಾರಾದರೂ ಬೆಂಕಿ ಹಚ್ಚಿದರೆ ನಾವು ಠಾಣೆಗೆ ಹೋಗುತ್ತೇವೆ. ಅಲ್ಲಿ ಬರೆದುಕೊಂಡ ಫಿರ್ಯಾದಿಯ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತೆಂಬುದನ್ನು 90 ದಿನಗಳೊಳಗೆ ನಿಮಗೆ ತಿಳಿಸಬೇಕು.

ಮುಂದೆ ಖಟ್ಲೆ ನಡೆಯುವುದು ಸರಕಾರದ ಹೆಸರಿನಲ್ಲಿ. ನಡೆಸುವವರು ಸರಕಾರಿ ವಕೀಲರು. ಅವರಿಗೆ ನೀವು ಫೀ ಕೊಡಬೇಕಾಗಿಲ್ಲ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದಲ್ಲ, ನಿಜವನ್ನು ನ್ಯಾಯಾಧೀಶರ ಮುಂದಿಡುವುದು ಅವರ ಕೆಲಸ.

ಆದರೆ ಬಿತ್ತದೆ ರಾಶಿ ಮಾಡಲಾದೀತೇ? ಕಣ್ಣಾರೆ ಕಂಡವನೇ "ನಾಳೆ ಮುಖ ನೋಡಬೇಕಲ್ಲ" ಎಂದು ಸುಮ್ಮನಾದರೆ ಕಳ್ಳನು ಬಿಡುಗಡೆಯಾಗುತ್ತಾನೆ. ಇಂದು ನೆರೆಯವನ ಕೊಟ್ಟಿಗೆ, ನಾಳೆ ನಿಮ್ಮದು.

ಆದ್ದರಿಂದ ಸಮನ್ಸು ಬಂದರೆ ಹೆದರಬೇಡಿರಿ. ಸಾಕ್ಷಿಗೆ ಬರುವ ಸಮನ್ಸು ಆರೋಪವಲ್ಲ, ಕರೆ. ತಪ್ಪಿಸಿದರೆ ವಾರಂಟು ಬರಬಹುದು. ಆ ದಿನ ಮುಂಚಿತವಾಗಿ ಹೋಗಿ ಸರಕಾರಿ ವಕೀಲರನ್ನು ಕಾಣಿರಿ. ಯಾರಾದರೂ ಬೆದರಿಸಿದ್ದರೆ ಅವರಿಗೂ ಪೊಲೀಸರಿಗೂ ತಿಳಿಸಿರಿ. ಹೋಗಿಬರುವ ಖರ್ಚು ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಕಂಡದ್ದನ್ನು ಕಂಡಂತೆ ಹೇಳಿರಿ, ಕೇಳಿದ್ದನ್ನು ಕಂಡೆನೆನ್ನಬೇಡಿರಿ.

ಉಚ್ಚ ನ್ಯಾಯಾಲಯದ ಪೀಠವು 2008ರಲ್ಲಿ ಧಾರವಾಡಕ್ಕೆ ಬಂದು, 2013ರಲ್ಲಿ ಕಾಯಂ ಆಯಿತು. ಮೇಲ್ಮನವಿಗೆ ಬೆಂಗಳೂರಿನ ದಾರಿ ತಪ್ಪಿತು. ಆದರೆ ಅಲ್ಲಿಯೂ ನೋಡುವುದು ಕೆಳಗಿನ ಕೋರ್ಟಿನಲ್ಲಿ ನೀವು ನುಡಿದ ಸಾಕ್ಷಿಯನ್ನೇ. ಸರಕಾರಿ ವಕೀಲರ ಬಲವು ನಿಮ್ಮ ನಾಲಗೆಯಲ್ಲಿದೆ.