ಡಿಸ್ಚಾರ್ಜ್ ಆದ ಮೇಲೆ ಯಾರು?

ಇವತ್ತು ಯಾವ ರಾಜಕಾರಣಿಯ ಹೇಳಿಕೆಯೂ ಬೇಡ. ಕಾಟಿಪಳ್ಳದ ಬಗ್ಗೆ ಮಾತಾಡೋಣ.

ಸುರತ್ಕಲ್ ಪಕ್ಕದ ಈ ಊರಿನ ಹೆಸರು ಟಿವಿಯಲ್ಲಿ ಬರೋದು ಗಲಾಟೆ ಆದಾಗ ಮಾತ್ರ. ಆದ್ರೆ ಈ ಊರು ಹುಟ್ಟಿದ್ದು ಹೇಗೆ ಗೊತ್ತಾ? 1960ರ ದಶಕದಲ್ಲಿ ಪಣಂಬೂರಿನ ಬಂದರಿಗೆ ಜಾಗ ಬೇಕಾಯ್ತು. ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಅಲ್ಲಿ ಈಗಲೂ ವಿಳಾಸ ಹೇಳೋದು ಬ್ಲಾಕ್ ನಂಬರಿನಲ್ಲೇ. 1975ರಲ್ಲಿ ಬಂದರು ಉದ್ಘಾಟನೆಯಾಯ್ತು. ಗಂಟುಮೂಟೆ ಕಟ್ಟಿಕೊಂಡು ಬಂದಾಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ 80ರ ಆಸುಪಾಸಿನಲ್ಲಿದ್ದಾರೆ. ಮಕ್ಕಳು ಕೆಲವರು ಗಲ್ಫಿನಲ್ಲಿ, ಕೆಲವರು ಬೆಂಗಳೂರಿನಲ್ಲಿ. ದುಡ್ಡು ಬರುತ್ತೆ, ವೀಡಿಯೊ ಕಾಲ್ ಬರುತ್ತೆ. ಮಗ್ಗುಲು ಬದಲಿಸೋಕೆ ಒಂದು ಕೈ ಬರಲ್ಲ.

ಮಂಗಳೂರಿನಲ್ಲಿ ಆಸ್ಪತ್ರೆಗೆ ಬರವಿಲ್ಲ. ವೆನ್ಲಾಕ್ ಇದೆ, ಖಾಸಗಿ ಮೆಡಿಕಲ್ ಕಾಲೇಜುಗಳಿವೆ. ನರ್ಸಿಂಗ್ ಓದೋಕೆ ಹೊರ ರಾಜ್ಯದಿಂದ ಮಕ್ಕಳು ಬರ್ತಾರೆ. ಪಾರ್ಶ್ವವಾಯು ಹೊಡೆದವರ ಜೀವ ಉಳಿಸ್ತಾರೆ, ಹತ್ತನೇ ದಿನಕ್ಕೆ ಡಿಸ್ಚಾರ್ಜ್ ಮಾಡ್ತಾರೆ. ಹನ್ನೊಂದನೇ ದಿನದ ಕಥೆ ಏನು? ಮೂಗಿನ ನಳಿಗೆಯಲ್ಲಿ ಗಂಜಿ ಹಾಕಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲಾಂದ್ರೆ ಬೆನ್ನಿನಲ್ಲಿ ಹುಣ್ಣು, ಹುಣ್ಣಿಗೆ ಸೋಂಕು, ಮತ್ತೆ ಅದೇ ಆಸ್ಪತ್ರೆ. ಈ ಕೆಲಸವೆಲ್ಲ ಬೀಳೋದು ಸೊಸೆ ಮೇಲೆ, ಇಲ್ಲಾ ತಾನೇ ಬಿಪಿ ಮಾತ್ರೆ ನುಂಗ್ತಿರೋ ವಯಸ್ಸಾದ ಹೆಂಡತಿ ಮೇಲೆ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. 2007ರ ಕಾಯ್ದೆಯಲ್ಲಿ ತಂದೆ ತಾಯಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ 5 ಲಕ್ಷದವರೆಗಿನ ಆರೋಗ್ಯ ವಿಮೆ ಶುರು ಮಾಡಿತು. ಅದೇ ತಿಂಗಳು ರಾಜ್ಯ ಸರ್ಕಾರ ಗೃಹ ಆರೋಗ್ಯ ಯೋಜನೆ ತಂದಿತು. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡ್ತಾರೆ. ಒಳ್ಳೇದೇ. ಆದ್ರೆ ನೋಡಿ, ಕಾಯ್ದೆ ದುಡ್ಡು ಕೊಡಿಸುತ್ತೆ, ವಿಮೆ ಆಸ್ಪತ್ರೆ ಬಿಲ್ ಕಟ್ಟುತ್ತೆ, ಯೋಜನೆ ತಪಾಸಣೆ ಮಾಡುತ್ತೆ. ಹಾಸಿಗೆ ಹಿಡಿದವರನ್ನ ದಿನಾ ನೋಡಿಕೊಳ್ಳೋರು ಯಾರು?

ಇದ್ದವರು ಹೋಂ ನರ್ಸ್ ಇಟ್ಟುಕೊಳ್ತಾರೆ. ಹೆಸರು ನರ್ಸ್, ಆದ್ರೆ ಅವರಲ್ಲಿ ಎಷ್ಟೋ ಮಂದಿ ನರ್ಸಿಂಗ್ ಓದಿದವರಲ್ಲ. ಬಡತನಕ್ಕೆ ದೂರದೂರಿಂದ ಬಂದ ಹೆಣ್ಣುಮಕ್ಕಳು. ರಾತ್ರಿ ನಿದ್ದೆ ಇಲ್ಲ, ವಾರದ ರಜೆ ಇಲ್ಲ, ಸಂಬಳದಲ್ಲಿ ಏಜೆನ್ಸಿ ಪಾಲು ಬೇರೆ. ಮನೆಯವರಿಗೂ ಭಯ, ಅವರಿಗೂ ಭಯ. ಹಾಗಾಗಿ ಇಟ್ಟುಕೊಳ್ಳುವ ಮುಂಚೆ ಕೇಳಿ: ತರಬೇತಿ ಎಲ್ಲಾಯ್ತು? ಗುರುತಿನ ಚೀಟಿ ಇದೆಯಾ? ಅವರ ಕೈಗೆ ಸೇರೋ ಸಂಬಳ ಎಷ್ಟು? ರಜೆ ಯಾವತ್ತು? ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಅವರನ್ನ ಮನುಷ್ಯರ ಥರ ನೋಡಿದ್ರೆ ತಾನೇ ನಿಮ್ಮ ಅಮ್ಮನನ್ನ ಅವರು ಅಮ್ಮನ ಥರ ನೋಡೋದು?

ಇಲ್ಲದವರು ಏನು ಮಾಡಬೇಕು? ಉತ್ತರ ದೂರ ಇಲ್ಲ, ತಲಪಾಡಿ ಗಡಿ ದಾಟಿದ್ರೆ ಸಾಕು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಜೊತೆಗಾರರು ನೋವು ಶಮನದ ಸಣ್ಣ ಕೆಲಸ ಶುರು ಮಾಡಿದರು. ಊರಿನವರು ಸ್ವಯಂಸೇವಕರಾಗಿ ಕೈ ಜೋಡಿಸಿದರು. 2008ರಲ್ಲಿ ಕೇರಳ ಸರ್ಕಾರ ಅದಕ್ಕೇ ಒಂದು ನೀತಿ ಮಾಡಿತು. ಅಲ್ಲಿ ಪಂಚಾಯತ್ ಕಡೆಯಿಂದ ನರ್ಸ್ ಮನೆಗೇ ಬರ್ತಾರೆ. ಹುಣ್ಣು ತೊಳೀತಾರೆ, ಟ್ಯೂಬ್ ಬದಲಿಸ್ತಾರೆ, ಮನೆಯವರಿಗೆ ಹೇಳಿಕೊಡ್ತಾರೆ. ನಮ್ಮ ಕನ್ನಡ ಮಾತಾಡೋ ಮಂಜೇಶ್ವರ, ಕಾಸರಗೋಡಿನವರಿಗೆ ಇದು ಗೊತ್ತಿರೋ ವಿಷಯ.

ಮಂಗಳೂರು ಪಾಲಿಕೆಯಲ್ಲಿ 60 ವಾರ್ಡ್‌ಗಳಿವೆ. ನಾಲ್ಕೈದು ವಾರ್ಡಿಗೆ ಒಬ್ಬ ನರ್ಸ್, ಒಂದು ವಾಹನ, ವಾರಕ್ಕೊಂದು ಭೇಟಿ. ಕಾಟಿಪಳ್ಳದಿಂದಲೇ ಶುರುವಾಗಲಿ. ರಸ್ತೆ ಕಾಂಕ್ರೀಟ್ ಮಾಡೋ ಪಾಲಿಕೆಗೆ ಇದು ಆಗದ ಖರ್ಚಾ? ಮುಂದಿನ ಸಲ ಮತ ಕೇಳೋಕೆ ಬಂದವರಿಗೆ ಚರಂಡಿ, ರಸ್ತೆ ಜೊತೆ ಇದನ್ನೂ ಕೇಳಿ.

ಬಂದರಿಗಾಗಿ ಮನೆ ಬಿಟ್ಟುಕೊಟ್ಟವರು ಅವರು. ಕೊನೆಗಾಲದಲ್ಲಿ ಆ ಮನೆ ಬಾಗಿಲಿಗೆ ವಾರಕ್ಕೊಮ್ಮೆ ಒಬ್ಬ ನರ್ಸ್ ಬರಬೇಕು ಅನ್ನೋದು ದೊಡ್ಡ ಬೇಡಿಕೆ ಅಲ್ಲ.