ವಿಷದ ಜೊತೆಗೇ ಬಂದ ರಕ್ಷೆ

ಹಾಲಿನಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯ ಪಕ್ಕದ ಇನ್ನೊಂದನ್ನು ಬೆಳೆಯಗೊಡುವುದಿಲ್ಲ ಎಂಬುದನ್ನು 1928ರಲ್ಲಿ ಅಮೆರಿಕದ ರೋಜರ್ಸ್ ಗುರುತಿಸಿದರು. 1933ರಲ್ಲಿ ನ್ಯೂಜಿಲೆಂಡಿನ ವೈಟ್‌ಹೆಡ್, ಚೀಸಿಗೆ ಹಾಕಿದ ಹೆಪ್ಪು ಕೈಕೊಡುವುದಕ್ಕೆ ಇಂಥದೇ ವಸ್ತು ಕಾರಣವೆಂದು ತೋರಿಸಿದರು. ಅದೇ ನೈಸಿನ್. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ತಯಾರಿಸುವ, 34 ಅಮೈನೊ ಆಮ್ಲಗಳ ಈ ಪೆಪ್ಟೈಡಿನ ರಚನೆ 1971ರಲ್ಲಿ ಗ್ರಾಸ್ ಮತ್ತು ಮೊರೆಲ್ ಅವರಿಂದ ಸ್ಪಷ್ಟವಾಯಿತು. ಅಷ್ಟು ವರ್ಷ ಎಲ್ಲರೂ ಹೆಚ್ಚಾಗಿ ಕೇಳಿದ್ದು, ಇದು ಬೇರೆಯವನ್ನು ಹೇಗೆ ಕೊಲ್ಲುತ್ತದೆ ಎಂದು. ತಯಾರಿಸಿದ ಜೀವಿಯೇ ಏಕೆ ಸಾಯುವುದಿಲ್ಲ ಎಂಬ ಪ್ರಶ್ನೆಯೇ ಹೆಚ್ಚು ಆಳವಾದದ್ದೆಂದು ನನ್ನ ಎಣಿಕೆ.

ಉತ್ತರ ಸಿಕ್ಕಿದ್ದು ಜೀನುಗಳಲ್ಲಿ. ನೈಸಿನ್‌ಗೆ ಬೇಕಾದ 11 ಜೀನುಗಳು ಒಂದೇ ಗುಂಪಿನಲ್ಲಿವೆ. ವಿಷದ ಜೀನೂ ರಕ್ಷಣೆಯ ಜೀನುಗಳೂ ಅಲ್ಲಿ ನೆರೆಹೊರೆ. ಮೊದಲು ತಯಾರಾಗುವುದು 57 ಅಮೈನೊ ಆಮ್ಲಗಳ ಸರಪಳಿ. ಒಂದು ಕಿಣ್ವ ಅದರಿಂದ ನೀರಿನಂಶ ತೆಗೆಯುತ್ತದೆ, ಇನ್ನೊಂದು ಗಂಧಕದ ಕೊಂಡಿ ಹಾಕಿ ಐದು ಉಂಗುರ ಕಟ್ಟುತ್ತದೆ. ಆದರೂ ಸರಪಳಿಯ ಮುಂತುದಿಯ 23 ಅಮೈನೊ ಆಮ್ಲಗಳ ತುಣುಕು ಅಂಟಿಕೊಂಡಿರುವವರೆಗೆ ಅದು ನಿರುಪದ್ರವಿ, ಒರೆಯೊಳಗಿನ ಕತ್ತಿಯಂತೆ. ಕೋಶದ ಹೊರಮೈಯಲ್ಲಿರುವ ಕಿಣ್ವ ಆ ತುಣುಕನ್ನು ಕತ್ತರಿಸಿದ ಮೇಲಷ್ಟೇ ಅದು ವಿಷ. ಹಾಗಿದ್ದರೆ ಬೇರೆ ರಕ್ಷಣೆ ಏಕೆ ಎಂದು ಕೇಳಬಹುದು. ಹೊರಗೆ ಹೋದ ನೈಸಿನ್ ಹುಡುಕುವುದು ಕೋಶಭಿತ್ತಿಯ ಕಟ್ಟಡಕ್ಕೆ ಬೇಕಾದ ಲಿಪಿಡ್-2 ಅಣುವನ್ನು; ಅದು ತಯಾರಕನ ಪೊರೆಯಲ್ಲೂ ಇದೆ. ಹಾಗಾಗಿಯೇ ನಿಸ್‌-ಐ ಎಂಬ ಪ್ರೋಟೀನು ಹೊರಮೈಯಲ್ಲಿ ಕಾವಲಿರುತ್ತದೆ, ಮೂರು ಪ್ರೋಟೀನುಗಳ ಪಂಪು ಪೊರೆಗೆ ತಗುಲಿದ ನೈಸಿನನ್ನು ಹೊರದೂಡುತ್ತದೆ. ಎರಡರಲ್ಲಿ ಯಾವುದೊಂದನ್ನು ತೆಗೆದರೂ ತಾಳಿಕೆ ಕುಗ್ಗುತ್ತದೆ. ಹೊರಗಿನ ನೈಸಿನ್ನೇ ಸಂಕೇತವಾಗಿ ತಯಾರಿಕೆಯನ್ನೂ ರಕ್ಷಣೆಯನ್ನೂ ಒಟ್ಟಿಗೆ ಏರಿಸುತ್ತದೆ. ನಿರೋಧ ವಿಷದ ಬೆನ್ನಿಗೆ ಬಂದದ್ದಲ್ಲ, ವಿಷದ ತಯಾರಿಕೆಯ ಭಾಗವೇ ಎಂದು ನಾನು ಹೇಳುವುದು ಇದಕ್ಕೆ.

ಇದಕ್ಕೊಂದು ಆಕ್ಷೇಪವಿದೆ: ನಿರೋಧ ವಿಷದ ಜೊತೆಗೇ ಸಿದ್ಧವಿದ್ದರೆ ಅದು ಬೇರೆ ಬ್ಯಾಕ್ಟೀರಿಯಗಳಿಗೂ ಹಬ್ಬಬೇಕಿತ್ತು; ಆದರೆ 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ಸಮಿತಿ ಒಪ್ಪಿಗೆ ಕೊಟ್ಟಂದಿನಿಂದ ಆಹಾರ ಸಂರಕ್ಷಣೆಯಲ್ಲಿ ಬಳಕೆಯಾದರೂ ನೈಸಿನ್ ಸೋತಿಲ್ಲವಲ್ಲ? ನಿಜ. ಲಿಪಿಡ್-2 ಪ್ರೋಟೀನಲ್ಲ, ಒಂದು ಜೀನಿನ ಸಣ್ಣ ಬದಲಾವಣೆಯಿಂದ ಅದರ ರೂಪ ಮಾರ್ಪಡುವುದಿಲ್ಲ. ಆದರೆ ನೈಸಿನ್ ತಯಾರಿಸದೆಯೇ ಅದನ್ನು ಎದುರಿಸಬಲ್ಲ ಬ್ಯಾಕ್ಟೀರಿಯಗಳೂ ಇವೆ. ನವಜಾತ ಶಿಶುಗಳಿಗೆ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆಯಲ್ಲಿ ನೈಸಿನ್ನಿನ ಬಾಲವನ್ನು ಕತ್ತರಿಸಿಬಿಡುವ ಕಿಣ್ವವಿದೆ, ಅದರ ಪಕ್ಕದಲ್ಲೇ ನೈಸಿನನ್ನು ಹೊರದೂಡುವ ಪಂಪಿನ ಜೀನುಗಳೂ ಇವೆ. ಇಂಥ ಪೆಪ್ಟೈಡುಗಳನ್ನು ಔಷಧವಾಗಿಸಲು ಹೊರಟವರು ಮೊದಲು ಓದಬೇಕಾದದ್ದು ಈ ಜೀನುಗಳನ್ನು.